ಕ್ಲಾನ್ಮೆಲ್‌ನ ಮುದ್ರಕ, ಟಿಪ್ಪು ಯುದ್ಧದ ಗಾಳಿಸುದ್ದಿ

ಲಾರ್ಡ್ ಕಾರ್ನ್‌ವಾಲಿಸ್ ಸತ್ತನಂತೆ! 1791ರಲ್ಲಿ ಕಲ್ಕತ್ತೆಯ ‘ಬೆಂಗಾಲ್ ಜರ್ನಲ್’ ಪತ್ರಿಕೆ ಹೀಗೊಂದು ವದಂತಿಯನ್ನು ಅಚ್ಚು ಹಾಕಿತು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಆಗ ಟಿಪ್ಪುವಿನ ಮೇಲೆ ದಂಡೆತ್ತಿ ನಮ್ಮ ಮೈಸೂರು ಸೀಮೆಯಲ್ಲಿದ್ದ. ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದು, ಮೇನಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೂ ಹೋಗಿ, ತನ್ನ ತೋಪುಗಳನ್ನು ತಾನೇ ಕೆಡಿಸಿ ಹಿಂದಕ್ಕೆ ಹೊರಟಿದ್ದ. ಆದರೆ ಸತ್ತಿರಲಿಲ್ಲ. ಈ ಸುದ್ದಿ ಫ್ರೆಂಚರಿಂದ ಬಂತು ಎಂದು ಬರೆದದ್ದಕ್ಕೆ ಫ್ರೆಂಚ್ ಅಧಿಕಾರಿಯೊಬ್ಬ ಕೆರಳಿದ, ಸಂಪಾದಕನ ಬಂಧನವಾಯಿತು.

ಆ ಸಂಪಾದಕನ ಹೆಸರು ವಿಲಿಯಂ ಡುವೇನ್. ಹತ್ತೇ ವರ್ಷದ ನಂತರ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಅಮೆರಿಕದ ಎರಡನೇ ಅಧ್ಯಕ್ಷನನ್ನು ಮನೆಗೆ ಕಳಿಸಿ ಮೂರನೆಯವನನ್ನು ಗದ್ದುಗೆಗೆ ಏರಿಸಿದವರ ಸಾಲಿನಲ್ಲಿ ಇದೇ ಮನುಷ್ಯ ಮುಂದೆ ನಿಂತಿದ್ದ ಎಂದರೆ ನಂಬುತ್ತೀರಾ?

ಬೇರು ಹುಡುಕಿದರೆ ಅದು ಐರ್ಲೆಂಡಿನ ಟಿಪ್ಪರೇರಿ ಕೌಂಟಿಯ ಕ್ಲಾನ್ಮೆಲ್ ಎಂಬ ಊರಿಗೆ ಹೋಗುತ್ತದೆ. ಡುವೇನ್ ಹುಟ್ಟಿದ್ದು 1760ರಲ್ಲಿ, ನ್ಯೂಯಾರ್ಕ್ ಸೀಮೆಯ ಚಾಂಪ್ಲೇನ್ ಸರೋವರದ ಬಳಿ. ಐರಿಷ್ ತಾಯಿ ಹುಡುಗನನ್ನು ಕರೆದುಕೊಂಡು ತಾಯ್ನಾಡಿಗೆ ಮರಳಿ ಕ್ಲಾನ್ಮೆಲ್‌ನಲ್ಲಿ ನೆಲೆಸಿದಳು. ಅನುಕೂಲಸ್ಥ ಕ್ಯಾಥಲಿಕ್ ಮನೆ. ಹತ್ತೊಂಬತ್ತನೇ ವಯಸ್ಸಿಗೆ ಮಗ ಕ್ಯಾಥರೀನ್ ಎಂಬ ಪ್ರಾಟೆಸ್ಟೆಂಟ್ ಹುಡುಗಿಯನ್ನು ಮದುವೆಯಾದ. ತಾಯಿ ಮುಖ ತಿರುಗಿಸಿದಳು, ಆಸ್ತಿಯಲ್ಲಿ ಬಿಡಿಗಾಸಿಲ್ಲ ಎಂದಳು. ಹೊಟ್ಟೆಪಾಡಿಗೆ ಅವನು ಅಚ್ಚುಮೊಳೆ ಜೋಡಿಸುವುದನ್ನು ಕಲಿತ. ಒಂದು ಮನೆಯ ಮದುವೆ ಜಗಳ ಎಲ್ಲಿಂದ ಎಲ್ಲಿಗೆ ಮುಟ್ಟಿತು, ನೋಡಿ! ಹೆಂಡತಿ ಮಕ್ಕಳನ್ನು ಕ್ಲಾನ್ಮೆಲ್‌ನಲ್ಲೇ ಬಿಟ್ಟು, ಕಂಪನಿ ಸರ್ಕಾರದ ಸಿಪಾಯಿಯಾಗಿ ಕಲ್ಕತ್ತೆಗೆ ಹಡಗು ಹತ್ತಿದ. ಅಲ್ಲಿ ಪತ್ರಿಕೆ ಹಿಡಿದ.

ಕಾರ್ನ್‌ವಾಲಿಸ್ ಪ್ರಕರಣದಿಂದ ಬುದ್ಧಿ ಬಂತೇ? ಇಲ್ಲ. ‘ವರ್ಲ್ಡ್’ ಎಂಬ ಇನ್ನೊಂದು ಪತ್ರಿಕೆ ತೆಗೆದು ಕಂಪನಿಯನ್ನೇ ಕೆಣಕಿದ. 1794ರ ಕೊನೆಗೆ ಗವರ್ನರ್ ಜನರಲ್ ಜಾನ್ ಶೋರ್‌ನನ್ನು ಕಾಣಲು ಸರ್ಕಾರಿ ಭವನಕ್ಕೆ ಹೋದವನನ್ನು ಎದುರುಗೊಂಡವರು ಬಯೊನೆಟ್ ಹಿಡಿದ ಸಿಪಾಯಿಗಳು. ಅಲ್ಲಿಂದ ನೇರ ಫೋರ್ಟ್ ವಿಲಿಯಂ ಕೋಟೆಗೆ, ಕೋಟೆಯಿಂದ ಹಡಗಿಗೆ. ವಿಚಾರಣೆಯೂ ಇಲ್ಲ, ಆಸ್ತಿಗೆ ಪರಿಹಾರವೂ ಇಲ್ಲ. ಲಂಡನ್ ಮಾರ್ಗವಾಗಿ, ಹೆಂಡತಿ ಮಕ್ಕಳೊಂದಿಗೆ, 1796ರಲ್ಲಿ ಅಮೆರಿಕದ ಆಗಿನ ರಾಜಧಾನಿ ಫಿಲಡೆಲ್ಫಿಯಾ ಸೇರಿದ.

ಎಂಥ ಹೊತ್ತಿಗೆ ಬಂದ ಮಹಾರಾಯ! ಪಕ್ಷಗಳನ್ನು ಕಟ್ಟಿಕೊಂಡು ಕಚ್ಚಾಡಬೇಡಿ ಎಂದು ವಾಷಿಂಗ್ಟನ್ ಬುದ್ಧಿ ಹೇಳಿ ನಿವೃತ್ತಿಗೆ ಹೊರಟಿದ್ದು ಅದೇ ವರ್ಷ. ಯಾರು ಕೇಳಿದರು? ಮರುವರ್ಷ ಜಾನ್ ಆಡಮ್ಸ್ ಅಧ್ಯಕ್ಷ, ಎದುರು ಪಾಳಯದ ನಾಯಕ ಜೆಫರ್ಸನ್ ಉಪಾಧ್ಯಕ್ಷ! ಒಂದೇ ಸರ್ಕಾರದ ನೆತ್ತಿಯಲ್ಲಿ ಎರಡು ಪಕ್ಷ. ಆಡಮ್ಸ್‌ನ ಫೆಡರಲಿಸ್ಟರಿಗೆ ಐರಿಷರೆಂದರೆ ಮೈಯೆಲ್ಲ ಉರಿ. 1798ರಲ್ಲಿ ಐರ್ಲೆಂಡಿನ ದಂಗೆ ರಕ್ತದಲ್ಲಿ ಮುಳುಗಿತು. ಸೋತವರು ಹಡಗು ಹತ್ತಿ ಬಂದರೆ ಜೆಫರ್ಸನ್‌ಗೆ ಓಟು ಹಾಕುವವರೇ ಎಂಬ ಅಂಜಿಕೆ. ಪೌರತ್ವಕ್ಕೆ 5 ವರ್ಷದ ವಾಸ ಸಾಕಿತ್ತು. ಅದೇ ವರ್ಷ ಅದನ್ನು 14ಕ್ಕೆ ಏರಿಸಿದರು. ಅಧ್ಯಕ್ಷನನ್ನೋ ಕಾಂಗ್ರೆಸ್ಸನ್ನೋ ದೂಷಿಸಿ ಬರೆದರೆ ಜೈಲು ಎಂಬ ಕಾನೂನೂ ಬಂತು. ಉಪಾಧ್ಯಕ್ಷನನ್ನು ಬೈದರೆ ಮಾತ್ರ ಶಿಕ್ಷೆಯಿಲ್ಲ!

ಆ ಕಾನೂನಿಗೆ ಮೊದಲು ಸಿಕ್ಕಿದವನೂ ಐರ್ಲೆಂಡಿನವನೇ. ವಿಕ್ಲೋ ಕೌಂಟಿಯಲ್ಲಿ ಹುಟ್ಟಿ, ಹಡಗಿನ ಖರ್ಚಿಗೆ ಜೀತ ಒಪ್ಪಿಕೊಂಡು ಬಂದ ಮ್ಯಾಥ್ಯೂ ಲಯನ್ ಆಗ ವರ್ಮಾಂಟ್‌ನ ಕಾಂಗ್ರೆಸ್ ಸದಸ್ಯ. ನಾಲ್ಕು ತಿಂಗಳ ಸಜೆ ಬಿತ್ತು. ಜೈಲಿನೊಳಗಿಂದಲೇ ಚುನಾವಣೆ ಗೆದ್ದ!

ಡುವೇನ್ ಅಷ್ಟು ಹೊತ್ತಿಗೆ ಜೆಫರ್ಸನ್ ಪಾಳಯದ ‘ಅರೋರಾ’ ಪತ್ರಿಕೆಯ ಸಂಪಾದಕ. ಅದನ್ನು ನಡೆಸುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್‌ನ ಮೊಮ್ಮಗ ಬಾಕ್ 1798ರಲ್ಲಿ ಹಳದಿ ಜ್ವರಕ್ಕೆ ಬಲಿಯಾಗಿದ್ದ. ಕ್ಯಾಥರೀನಳೂ ಅದೇ ವರ್ಷ ತೀರಿಕೊಂಡಿದ್ದಳು. 1799ರ ಮೇನಲ್ಲಿ ಸೈನ್ಯದ ಅಧಿಕಾರಿಗಳ ಗುಂಪೊಂದು ಕಚೇರಿಗೆ ನುಗ್ಗಿ, ಡುವೇನ್‌ನನ್ನು ಅಂಗಳಕ್ಕೆ ಎಳೆದು ಚಚ್ಚಿತು. ಪತ್ರಿಕೆ ನಿಲ್ಲಲಿಲ್ಲ. ಮರುವರ್ಷ ಅಧ್ಯಕ್ಷೀಯ ಚುನಾವಣೆಯ ಮತ ಎಣಿಕೆಯನ್ನೇ ಆಡಳಿತ ಪಕ್ಷದ ಕೈಗೆ ಕೊಡುವಂಥ ಮಸೂದೆಯೊಂದು ಸೆನೆಟ್ ಮುಂದೆ ಬಂತು. ಡುವೇನ್ ಅದನ್ನು ಗುಟ್ಟಾಗಿ ತರಿಸಿ ಇಡಿಯಾಗಿ ಅಚ್ಚು ಹಾಕಿಬಿಟ್ಟ! ಸೆನೆಟ್ ಅವನ ಮೇಲೆ ವಾರಂಟ್ ಹೊರಡಿಸಿತು. ಅಧಿವೇಶನ ಮುಗಿಯುವವರೆಗೂ ಅವನು ತಲೆಮರೆಸಿಕೊಂಡ. ಅಡಗಿಕೊಂಡೇ ಪತ್ರಿಕೆಗೆ ಬರೆದ. ಮಸೂದೆ ಬಿದ್ದುಹೋಯಿತು. ಇವನೇನು ಸಾಧುವಲ್ಲ, ನಾಲಗೆ ಬಹಳ ಹೊಲಸು. ಆದರೂ ಈ ಎದೆಗಾರಿಕೆಗೆ ನಾನಂತೂ ಮಾರುಹೋದೆ.

1800ರ ಚುನಾವಣೆಯಲ್ಲಿ ಆಡಮ್ಸ್ ಸೋತ. ಆದರೆ ಜೆಫರ್ಸನ್‌ಗೂ ಅವನದೇ ಪಕ್ಷದ ಆರನ್ ಬರ್‌ಗೂ 73-73 ಸಮ! ತೀರ್ಮಾನ ಜನಪ್ರತಿನಿಧಿಗಳ ಸಭೆಗೆ ಬಂತು. ಅಲ್ಲಿ ರಾಜ್ಯಕ್ಕೊಂದೇ ಮತ. 35 ಸುತ್ತು ಮತದಾನವಾದರೂ ಗಂಟು ಬಿಚ್ಚಲಿಲ್ಲ. 1801ರ ಫೆಬ್ರುವರಿ 17ರಂದು, 36ನೇ ಸುತ್ತಿನಲ್ಲಿ, ವರ್ಮಾಂಟ್‌ನ ಇನ್ನೊಬ್ಬ ಸದಸ್ಯ ಮತದಾನದಿಂದ ದೂರ ಉಳಿದ. ಆ ರಾಜ್ಯದ ಪಾಲಿಗೆ ಉಳಿದದ್ದು ಒಬ್ಬನೇ: ಜೈಲಿಗೆ ಹೋಗಿ ಬಂದ ವಿಕ್ಲೋದ ಲಯನ್. ವರ್ಮಾಂಟ್ ಜೆಫರ್ಸನ್‌ಗೆ ಹೋಯಿತು, ಅಧ್ಯಕ್ಷಗಿರಿಯೂ ಹೋಯಿತು. ‘ಅರೋರಾ’ ಮಾಡಿದ ಉಪಕಾರಕ್ಕೆ ಲೆಕ್ಕವಿಲ್ಲ ಎಂಬುದನ್ನು ಜೆಫರ್ಸನ್ ಮುಂದೆ ತಾನೇ ಒಪ್ಪಿಕೊಂಡ.

ತಾಳಿ, ಕ್ಲಾನ್ಮೆಲ್‌ನ ಋಣ ಇನ್ನೂ ತೀರಿಲ್ಲ. ಡುವೇನ್ ಬಾಕ್‌ನ ವಿಧವೆಯನ್ನು ಮದುವೆಯಾದ. ಅವನ ಮಗ ಬಾಕ್‌ನ ತಂಗಿಯನ್ನು ವರಿಸಿದ. ಆ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕೋ ದೇವರೇ ಬಲ್ಲ! 1780ರಲ್ಲಿ ಕ್ಲಾನ್ಮೆಲ್‌ನಲ್ಲೇ ಹುಟ್ಟಿದ ಆ ಮಗ, ವಿಲಿಯಂ ಜಾನ್ ಡುವೇನ್, 1833ರಲ್ಲಿ ಅಧ್ಯಕ್ಷ ಆಂಡ್ರೂ ಜಾಕ್ಸನ್‌ನ ಖಜಾನೆ ಸಚಿವನಾದ. ರಾಷ್ಟ್ರೀಯ ಬ್ಯಾಂಕಿನಿಂದ ಸರ್ಕಾರದ ಠೇವಣಿ ಹಿಂತೆಗೆ ಎಂದು ಜಾಕ್ಸನ್ ಹೇಳಿದ. ಮಗ ಒಪ್ಪಲಿಲ್ಲ. ರಾಜೀನಾಮೆಯನ್ನೂ ಕೊಡಲಿಲ್ಲ. ಕುರ್ಚಿಯಲ್ಲಿ ಕೂತು ನಾಲ್ಕು ತಿಂಗಳು ತುಂಬುವ ಮೊದಲೇ ಜಾಕ್ಸನ್ ಅವನನ್ನು ವಜಾ ಮಾಡಿದ.