ಆರು ಮಂದಿಯ ಸಹಿ: ಇಂಗ್ಲೆಂಡಿನ ಹಳ್ಳಿ ಪಂಚಾಯಿತಿಯ ಸಂಗತಿ



ಸಂಜೆ ಹೊತ್ತು ಅರಳಿಕಟ್ಟೆಯ ಮೇಲೆ ನಾಲ್ಕು ಜನ ಕೂತರೆ ಯಾವ ಮಾತು ಬರುತ್ತೆ? ಮಳೆಯ ಮಾತು ಮುಗೀತು, ಬೆಲೆಯ ಮಾತು ಮುಗೀತು ಅಂದ ಮೇಲೆ ಪಂಚಾಯಿತಿಯ ಮಾತು ಬಂದೇ ಬರುತ್ತೆ. “ಆ ಚರಂಡಿ ಹಾಗೇ ಇದೆ. ಸ್ಮಶಾನದ ದಾರೀಲಿ ಮುಳ್ಳು ಬೆಳೆದಿದೆ. ಪಂಚಾಯಿತಿಯೋರು ಏನೂ ಮಾಡ್ಲಿಲ್ಲ.” ಇಷ್ಟು ಹೇಳಿ, ಹೆಗಲ ಮೇಲಿನ ಟವಲು ಕೊಡವಿ, ಎದ್ದು ಮನೆಗೆ ಹೋಗ್ತೇವೆ. ಮಾರನೆಯ ದಿನ ಮತ್ತೆ ಅದೇ ಕಟ್ಟೆ, ಅದೇ ಮಾತು.

ಈ ಮಾತು ನಮ್ಮ ಕಟ್ಟೆಗಳ ಮೇಲೆ ಮಾತ್ರ ನಡೆಯೋದು ಅಂತ ತಿಳೀಬೇಡಿ. ಇವೊತ್ತು ನಿಮ್ಮನ್ನು ಇಂಗ್ಲೆಂಡಿನ ಹಳ್ಳಿಗೆ ಕರೆದುಕೊಂಡು ಹೋಗ್ತೇನೆ. ನಮ್ಮ ಗ್ರಾಮ ಪಂಚಾಯಿತಿಯ ಹಾಗೆ ಅಲ್ಲಿಯೂ ಒಂದು ಸಣ್ಣ ಪಂಚಾಯಿತಿ ಉಂಟು. ಅದಕ್ಕೆ ‘ಪ್ಯಾರಿಷ್ ಕೌನ್ಸಿಲ್’ ಅಂತ ಹೆಸರು. ಅಲ್ಲಿಯ ಜನ ತಮ್ಮ ಪಂಚಾಯಿತಿಯಿಂದ ಕೆಲಸ ಹೇಗೆ ಮಾಡಿಸ್ತಾರೆ, ಎಲ್ಲಿ ಸೋಲ್ತಾರೆ ಅನ್ನೋದನ್ನು ನೋಡೋಣ.

ಪ್ಯಾರಿಷ್ ಅಂದರೆ ಮೂಲದಲ್ಲಿ ಒಂದು ಚರ್ಚಿಗೆ ಸೇರಿದ ಊರಿನ ಎಲ್ಲೆ. ಹಿಂದಿನ ಕಾಲದಲ್ಲಿ ಊರಿನ ವ್ಯವಹಾರವೂ ಚರ್ಚಿನ ಸಭೆಯಲ್ಲೇ ನಡೆಯುತ್ತಿತ್ತು. ಪಾದ್ರಿಗಳು, ದೊಡ್ಡ ಜಮೀನುದಾರರು ಹೇಳಿದ್ದೇ ಹೆಚ್ಚಾಗಿ ನಡೆಯೋದು. 1894ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿ, ಊರಿನ ಆಡಳಿತವನ್ನು ಚರ್ಚಿನಿಂದ ಬಿಡಿಸಿ, ಜನರೇ ಆರಿಸಿದ ಕೌನ್ಸಿಲಿಗೆ ಕೊಟ್ಟಿತು. ಹೆಂಗಸರಿಗೂ ಅಲ್ಲಿ ಮತ ಕೊಡುವ, ಚುನಾವಣೆಗೆ ನಿಲ್ಲುವ ಹಕ್ಕು ಸಿಕ್ಕಿತು. ಪಾರ್ಲಿಮೆಂಟಿನ ಚುನಾವಣೆಯಲ್ಲಿ ಆ ದೇಶದ ಹೆಂಗಸರಿಗೆ ಮತ ಸಿಕ್ಕಿದ್ದು 1918ರಲ್ಲಿ. ಅಂದರೆ ಹಳ್ಳಿಯ ಪಂಚಾಯಿತಿಯ ಬಾಗಿಲು ಅವರಿಗೆ 24 ವರ್ಷ ಮೊದಲೇ ತೆರೆದಿತ್ತು.

ಈಗ ಇಂಗ್ಲೆಂಡಿನಲ್ಲಿ ಇಂಥ ಕೌನ್ಸಿಲುಗಳು ಸುಮಾರು 10,000 ಇವೆ. ಒಂದೊಂದರಲ್ಲಿ ಕಡಿಮೆ ಅಂದರೂ ಐದು ಜನ ಸದಸ್ಯರು. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಹೆಚ್ಚಿನ ಸದಸ್ಯರು ಸಂಬಳವಿಲ್ಲದೆ ದುಡಿಯೋರು. ಕಾಗದಪತ್ರ, ಲೆಕ್ಕ ನೋಡಲು ಒಬ್ಬ ಕಾರ್ಯದರ್ಶಿ ಇರ್ತಾರೆ, ಅವರಿಗೆ ಸಂಬಳ.

ಇವರ ಕೆಲಸ ಯಾವುದು? ದೊಡ್ಡ ರಸ್ತೆ, ಶಾಲೆ, ಆಸ್ಪತ್ರೆ ಇವರದಲ್ಲ. ಅದನ್ನು ಮೇಲಿನವರು ನೋಡಿಕೊಳ್ತಾರೆ. ಹೊಲದ ನಡುವೆ ಹಾಯುವ ಕಾಲುದಾರಿ, ಸ್ಮಶಾನ, ಮಕ್ಕಳ ಆಟದ ಬಯಲು, ಬಸ್ಸಿಗೆ ಕಾಯುವವರಿಗೆ ನೆರಳು, ಬೀದಿ ದೀಪ, ಊರೊಟ್ಟಿನ ಭವನ, ಇಂಥವು ಇವರ ಪಾಲಿನವು. ಊರಲ್ಲಿ ಯಾರಾದರೂ ಹೊಸ ಕಟ್ಟಡಕ್ಕೆ ಅರ್ಜಿ ಹಾಕಿದರೆ ಅದರ ಮೇಲೆ ಅಭಿಪ್ರಾಯ ಹೇಳುವ ಹಕ್ಕೂ ಉಂಟು.

ಹಣ ಎಲ್ಲಿಂದ? ವರ್ಷಕ್ಕೆ ಇಷ್ಟು ಬೇಕು ಅಂತ ಕೌನ್ಸಿಲು ಲೆಕ್ಕ ಹಾಕಿ ಮೇಲಿನ ಸ್ಥಳೀಯ ಆಡಳಿತಕ್ಕೆ ತಿಳಿಸುತ್ತೆ. ಅವರು ಮನೆ ಕಂದಾಯದ ಜೊತೆ ಅದನ್ನೂ ವಸೂಲಿ ಮಾಡಿ ಕೊಡ್ತಾರೆ. ತಮ್ಮ ಹಣವೇ ಆದ್ದರಿಂದ ಲೆಕ್ಕ ಕೇಳುವ ಹಕ್ಕೂ ಊರವರಿಗೆ ಇದೆ. ಪ್ರತಿವರ್ಷ 30 ಕೆಲಸದ ದಿನಗಳ ಕಾಲ ಲೆಕ್ಕದ ಪುಸ್ತಕ ತೆರೆದಿಡಬೇಕು. ಆ ಊರಿನ ಯಾವ ಮತದಾರ ಬೇಕಾದರೂ ಹೋಗಿ ನೋಡಬಹುದು.

ಸಭೆಯ ವಿಷಯಕ್ಕೆ ಬರೋಣ. ಕೌನ್ಸಿಲಿನ ಸಭೆಗೆ ಪೂರ್ತಿ ಮೂರು ದಿನ ಮುಂಚೆ ಊರಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕಡೆ ನೋಟೀಸು ಅಂಟಿಸಬೇಕು. ಊರವರು ಹೋಗಿ ಕೂತು ಕೇಳಬಹುದು, ಇದಕ್ಕೆ 1960ರ ಕಾಯಿದೆಯ ಬಲ ಉಂಟು. ಇದಲ್ಲದೆ ವರ್ಷಕ್ಕೊಂದು ಸಲ, ಮಾರ್ಚಿ 1ರಿಂದ ಜೂನ್ 1ರ ಒಳಗೆ, ಊರಿನ ಮತದಾರರೆಲ್ಲ ಸೇರುವ ಸಭೆ ನಡೆಯಬೇಕು. ನಮ್ಮ ಗ್ರಾಮಸಭೆ ಇದ್ದ ಹಾಗೆ ಅನ್ನಿ. ಈ ಸಭೆ ಸಂಜೆ ಆರು ಗಂಟೆಗೆ ಮುಂಚೆ ಶುರುವಾಗಕೂಡದು ಅಂತ ಕಾನೂನಿದೆ. ಯಾಕೆ? ಹೊಲದಲ್ಲಿ ದುಡಿಯೋನು, ಕೂಲಿಗೆ ಹೋದೋನು ಮನೆಗೆ ಬಂದು ಕೈಕಾಲು ತೊಳೆದುಕೊಂಡು ಸಭೆಗೆ ಬರೋ ಹಾಗಿರಬೇಕು. ಹಗಲು ಹನ್ನೊಂದಕ್ಕೆ ಸಭೆ ಕರೆದು ‘ಯಾರೂ ಬರಲಿಲ್ಲ’ ಅಂತ ಬರೆದುಕೊಂಡರೆ ನ್ಯಾಯವೆ? ಇನ್ನೂ ಒಂದು ಕಟ್ಟಳೆ ಉಂಟು: ಬೇರೆ ಜಾಗ ಸಿಗೋ ಹಾಗಿದ್ದರೆ ಹೆಂಡ ಮಾರುವ ಕಟ್ಟಡದಲ್ಲಿ ಸಭೆ ಸೇರಿಸಕೂಡದು.

ಈಗ ಮುಖ್ಯ ಸಂಗತಿ ಹೇಳ್ತೇನೆ. ಆ ದೇಶದಲ್ಲೂ ಒಂದು ಕಾಲಕ್ಕೆ ನಮ್ಮ ಗೋಮಾಳದಂಥ ಊರೊಟ್ಟಿನ ಜಮೀನು ಬೇಕಾದಷ್ಟಿತ್ತು. ಬಡವರು ಅಲ್ಲಿ ದನ ಮೇಯಿಸೋರು, ಸೌದೆ ಆರಿಸೋರು. ಹದಿನೆಂಟು, ಹತ್ತೊಂಬತ್ತನೆಯ ಶತಮಾನದಲ್ಲಿ ಕಾಯಿದೆಯ ಮೇಲೆ ಕಾಯಿದೆ ಬಂದು, ಆ ಜಮೀನಿನ ಬಹುಪಾಲಿಗೆ ಬೇಲಿ ಬಿತ್ತು, ದೊಡ್ಡವರ ಪಾಲಾಯಿತು. ಕೂಲಿಯವನಿಗೆ ಒಂದು ಕೋಸು ನೆಡಲೂ ನೆಲ ಇಲ್ಲದ ಹಾಗಾಯಿತು. ಬಡವರ ಒತ್ತಾಯದಿಂದ ‘ಅಲಾಟ್‌ಮೆಂಟ್’ ಅನ್ನೋ ಏರ್ಪಾಡು ಬೆಳೆದು ಬಂತು. ಪಂಚಾಯಿತಿಯೇ ಜಮೀನು ಹಿಡಿದು, ತುಂಡು ಮಾಡಿ, ವರ್ಷದ ಬಾಡಿಗೆಗೆ ಊರವರಿಗೆ ಕೊಡೋದು.

ಒಂದು ತುಂಡಿನ ವಾಡಿಕೆಯ ಅಳತೆ ಎಷ್ಟು ಗೊತ್ತೆ? ನಮ್ಮ ಲೆಕ್ಕದಲ್ಲಿ ಸರಿಯಾಗಿ ಎರಡೂವರೆ ಗುಂಟೆ. ಎಕರೆಗೆ ಹದಿನಾರು ತುಂಡು. ಆಲೂಗಡ್ಡೆ, ಈರುಳ್ಳಿ, ಬಟಾಣಿ, ಕೋಸು ಮುಖ್ಯವಾಗಿ ಮನೆಯ ಊಟಕ್ಕೆ ಬೆಳೀಬೇಕು. 1950ರ ಕಾಯಿದೆಯ ಪ್ರಕಾರ ಕೋಳಿ, ಮೊಲ ಸಾಕಬಹುದು, ಆದರೆ ವ್ಯಾಪಾರಕ್ಕಲ್ಲ. ಹುಂಜ ಮಾತ್ರ ಸಾಕೋ ಹಾಗಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಹಡಗಿನ ಮೇಲೆ ಬರುವ ಆಹಾರ ಕಡಿಮೆಯಾದಾಗ, ಇಂಥ ತುಂಡುಗಳು ಸುಮಾರು 14 ಲಕ್ಷಕ್ಕೆ ಏರಿ ಜನರ ಹೊಟ್ಟೆಗೆ ನೆರವಾದವು.

ಈ ನೆಲವನ್ನು ಕೇಳೋದು ಹೇಗೆ? 1908ರ ಕಾಯಿದೆ ಹೇಳುತ್ತೆ: ಊರಿನ ಆರು ಮಂದಿ ಮತದಾರರು ಇಲ್ಲವೆ ಕಂದಾಯ ಕಟ್ಟೋರು ಸೇರಿ ‘ನಮಗೆ ಅಲಾಟ್‌ಮೆಂಟ್ ಬೇಕು’ ಅಂತ ಬರೆದುಕೊಟ್ಟರೆ, ಕೌನ್ಸಿಲು ಅದನ್ನು ಪರಿಶೀಲಿಸಲೇಬೇಕು. ಬೇಡಿಕೆ ನಿಜ ಅಂತ ಕಂಡರೆ ಸಾಕಷ್ಟು ತುಂಡು ಒದಗಿಸೋದು ಅದರ ಕರ್ತವ್ಯ. ಇದಕ್ಕಾಗಿಯೇ ಕೊಂಡ ಜಮೀನನ್ನು ಆಮೇಲೆ ಮಂತ್ರಿಯ ಒಪ್ಪಿಗೆ ಇಲ್ಲದೆ ಮಾರೋ ಹಾಗಿಲ್ಲ. ಇದು 1925ರ ಕಾಯಿದೆ.

“ಆರು ಜನ ಬರೆದುಕೊಟ್ಟ ಮಾತ್ರಕ್ಕೆ ಮಾರನೆಯ ದಿನವೇ ಜಮೀನು ಸಿಕ್ಕಿಬಿಡುತ್ತಾ ಸ್ವಾಮಿ?” ಅಂತ ನೀವು ಕೇಳಬಹುದು. ಇಲ್ಲ. ಎಷ್ಟೋ ಕಡೆ ಜಮೀನು ಹುಡುಕಲು ವರ್ಷಗಳು ಹಿಡಿಯುತ್ತವೆ, ಹೆಸರು ಬರೆಸಿ ಕಾಯೋರ ಸಾಲು ಉದ್ದ ಇದೆ. ಆದರೆ ಕಟ್ಟೆಯ ಮೇಲಿನ ಮಾತಿಗೂ ಸಹಿ ಹಾಕಿದ ಕಾಗದಕ್ಕೂ ಇರುವ ವ್ಯತ್ಯಾಸ ನೋಡಿ. ಮಾತು ಗಾಳಿಗೆ ಹೋಗುತ್ತೆ. ಕಾಗದಕ್ಕೆ ಉತ್ತರ ಕೊಡಬೇಕಾಗುತ್ತೆ.

ಆರು ಮಂದಿಯ ಬಲ ಇಷ್ಟಕ್ಕೇ ಮುಗಿಯೋದಿಲ್ಲ. ಆರು ಜನ ಮತದಾರರು ಸೇರಿದರೆ ಊರಿನ ಸಭೆಯನ್ನೇ ತಾವಾಗಿ ಕರೆಯಬಹುದು, ಅಧ್ಯಕ್ಷರು ಕರೆಯಲಿ ಅಂತ ಕಾಯಬೇಕಾಗಿಲ್ಲ. ನಡುವೆ ಒಂದು ಸದಸ್ಯ ಸ್ಥಾನ ಖಾಲಿಯಾದರೆ, ನೋಟೀಸು ಹಾಕಿದ ಹದಿನಾಲ್ಕು ದಿನದೊಳಗೆ ಹತ್ತು ಮತದಾರರು ಬರೆದುಕೊಟ್ಟರೆ ಚುನಾವಣೆ ಆಗಬೇಕು. ಲೆಕ್ಕಕ್ಕೆ ಹಿಡಿಯೋ ದಿನಗಳು ಕೆಲಸದ ದಿನಗಳು. ಯಾರೂ ಕೇಳದೆ ಹೋದರೆ? ಕೌನ್ಸಿಲಿನವರೇ ಒಬ್ಬರನ್ನು ಆರಿಸಿ ಕೂರಿಸಿಕೊಳ್ತಾರೆ.

ದೊಡ್ಡ ಹಣವಿಲ್ಲದೆಯೂ ಕೆಲಸ ಆಗುತ್ತೆ ಅನ್ನೋದಕ್ಕೆ ಒಂದು ನಿದರ್ಶನ. ಸಾಮರ್ಸೆಟ್ ಸೀಮೆಯಲ್ಲಿ ವೆಸ್ಟ್‌ಬರಿ-ಸಬ್-ಮೆಂಡಿಪ್ ಅಂತ ಒಂದು ಹಳ್ಳಿ. ಅಲ್ಲಿಗೆ ಪುಸ್ತಕದ ಗಾಡಿ ಬರುತ್ತಿತ್ತು, ಅದು ನಿಂತುಹೋಯಿತು. ಅದೇ ಹೊತ್ತಿಗೆ ಊರಿನ ಕೆಂಪು ಟೆಲಿಫೋನ್ ಪೆಟ್ಟಿಗೆಯೂ ಬಳಕೆ ತಪ್ಪಿತ್ತು. ಊರವರು ಯೋಚನೆ ಮಾಡಿದರು. 2009ರಲ್ಲಿ ಪ್ಯಾರಿಷ್ ಕೌನ್ಸಿಲು ಆ ಪೆಟ್ಟಿಗೆಯನ್ನು ಒಂದೇ ಒಂದು ಪೌಂಡಿಗೆ ಕೊಂಡಿತು. ಒಳಗೆ ಹಲಗೆ ಹೊಡೆದರು, ಮನೆಮನೆಯಿಂದ ಓದಿ ಮುಗಿಸಿದ ಪುಸ್ತಕ ತಂದಿಟ್ಟರು. ಒಂದು ಇಟ್ಟು ಒಂದು ಒಯ್ಯೋದು, ಬೀಗವಿಲ್ಲ, ಕಾವಲಿಲ್ಲ. ಒಬ್ಬ ಮನುಷ್ಯ ನಿಲ್ಲೋ ಜಾಗದಲ್ಲಿ ಊರಿಗೊಂದು ಪುಸ್ತಕಾಲಯವಾಯಿತು. ಕೌನ್ಸಿಲಿನ ಪಾಲು ಕೊಳ್ಳೋದು, ಊರವರ ಪಾಲು ತುಂಬೋದು. ಇದರಲ್ಲಿ ಒಂದಿಲ್ಲದಿದ್ದರೂ ಪೆಟ್ಟಿಗೆ ಖಾಲಿಯೇ ಇರುತ್ತಿತ್ತು.

ಇನ್ನೊಂದು ಸ್ವಲ್ಪ ದೊಡ್ಡ ಕೆಲಸ. ಉತ್ತರದ ಕಂಬ್ರಿಯಾದಲ್ಲಿ ಅಪ್ಪರ್ ಈಡನ್ ಅನ್ನೋ ಬೆಟ್ಟಸೀಮೆ, ಕುರಿ ದನ ಸಾಕೋ ರೈತರ ನಾಡು. ಅಲ್ಲಿ ಮಕ್ಕಳು ಬೆಳೆದು ಮದುವೆಯಾದರೆ ತಮ್ಮದೇ ಜಮೀನಿನಲ್ಲಿ ಮನೆ ಕಟ್ಟಲು ಅಪ್ಪಣೆ ಸಿಗೋದು ಕಷ್ಟ. ಮನೆ ಇಲ್ಲ ಅಂದರೆ ಹುಡುಗರು ಪಟ್ಟಣಕ್ಕೆ ಹೋಗ್ತಾರೆ. ಹುಡುಗರು ಹೋದರೆ ಶಾಲೆ ಬರಿದಾಗುತ್ತೆ, ಮುದುಕರು ಉಳೀತಾರೆ. ಈ ಸಂಕಟ ನಮಗೂ ಗೊತ್ತಿರೋದೇ. 2011ರ ಒಂದು ಕಾಯಿದೆ, ಊರವರೇ ತಮ್ಮ ಊರಿನ ಕಟ್ಟಡದ ಯೋಜನೆ ಬರೆಯಬಹುದು ಅಂದಿತು. ಅಲ್ಲಿಯ 17 ಪ್ಯಾರಿಷ್‌ಗಳು ಒಟ್ಟುಗೂಡಿ ಯೋಜನೆ ಬರೆದವು. ಸ್ಥಳೀಯರಿಗೆ ಮನೆ, ಹೊಲದ ಬದಿಯಲ್ಲಿ ರೈತ ಕುಟುಂಬಕ್ಕೆ ಮನೆ, ವಯಸ್ಸಾದವರಿಗೆ ಮನೆ, ಇಂಥವನ್ನು ಸೇರಿಸಿದರು. 2013ರ ಮಾರ್ಚಿಯಲ್ಲಿ ಜನಮತಕ್ಕೆ ಇಟ್ಟಾಗ, ಮತ ಹಾಕಿದ ಹತ್ತು ಜನರಲ್ಲಿ ಒಂಬತ್ತು ಜನ ಒಪ್ಪಿದರು. ಆ ಕಾಯಿದೆಯ ಕೆಳಗೆ ದೇಶದಲ್ಲೇ ಮೊದಲು ಜನಮತಕ್ಕೆ ಹೋದ ಯೋಜನೆ ಅದು.

ಹಾಗಾದರೆ ಅಲ್ಲಿ ಎಲ್ಲ ಚೆನ್ನಾಗಿದೆಯೆ? ಇಲ್ಲ ಕಣ್ರಪ್ಪ. ಆ ಅಪ್ಪರ್ ಈಡನ್‌ನಲ್ಲೇ ಮತ ಹಾಕಲು ಬಂದೋರು ಮೂರರಲ್ಲಿ ಒಂದು ಪಾಲು. ಎಷ್ಟೋ ಪ್ಯಾರಿಷ್‌ಗಳಲ್ಲಿ ಇರುವ ಸ್ಥಾನದಷ್ಟು ಜನವೂ ಚುನಾವಣೆಗೆ ನಿಲ್ಲೋದಿಲ್ಲ. ವರ್ಷದ ಸಭೆಯಲ್ಲಿ ಕುರ್ಚಿಗಳೇ ಹೆಚ್ಚು, ಜನ ಕಡಿಮೆ ಅನ್ನೋ ಊರುಗಳೂ ಉಂಟು. ಕಾಯಿದೆ ಅದೇ, ಹಕ್ಕು ಅದೇ. ಆರು ಜನ ಎದ್ದು ಬಂದ ಊರಿಗೆ ನೆಲ ಸಿಕ್ಕಿತು. ಏಳದ ಊರಿನಲ್ಲಿ ಆ ಕಾಯಿದೆ ಪುಸ್ತಕದಲ್ಲೇ ಮಲಗಿದೆ.

ಬಾಂಧವರೆ, ಆರು ಮಂದಿಯ ಸಹಿಯ ಕಾನೂನು ಅವರದು, ನಮ್ಮದಲ್ಲ. ಆದರೆ ನಮ್ಮ ಕೈಯೂ ಬರಿದಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆಯಲ್ಲಿ ಗ್ರಾಮಸಭೆ ಇದೆ, ವಾರ್ಡ್ ಸಭೆ ಇದೆ. ಒಂದು ಗ್ರಾಮಸಭೆಗೂ ಇನ್ನೊಂದಕ್ಕೂ ನಡುವೆ ಆರು ತಿಂಗಳು ಮೀರಬಾರದು. ಊರಿಗೆ ಯಾವ ಕೆಲಸ ಮೊದಲು ಬೇಕು, ಯಾವ ಬಡವರಿಗೆ ನೆರವು ಸಿಗಬೇಕು ಅನ್ನೋದನ್ನು ಹೇಳೋ ಜಾಗ ಅದೇ.

ಈ ಸಲ ಗ್ರಾಮಸಭೆಯ ಡಂಗುರ ಕೇಳಿಸಿದರೆ ಹೀಗೆ ಮಾಡಿ ನೋಡಿ. ಮೊದಲ ದಿನವೇ ಕಟ್ಟೆಯ ಮೇಲೆ ಕೂತು, ಊರಿಗೆ ಬೇಕಾದ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಒಂದು ಹಾಳೆಯ ಮೇಲೆ ಅದನ್ನು ಬರೆಯಿರಿ. ಎಲ್ಲಿ, ಏನು, ಯಾರಿಗೆ ಉಪಯೋಗ, ಇಷ್ಟು ಸಾಕು. ಅಕ್ಕಪಕ್ಕದ ಮನೆಯವರ ಸಹಿ ಹಾಕಿಸಿ. ಸಹಿ ಬಾರದ ಅಜ್ಜಿಯ ಹೆಬ್ಬೆಟ್ಟೂ ಇರಲಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಭೆಯಲ್ಲಿ ಅದನ್ನು ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಮುಂದಿನ ಸಭೆಗೆ ಮತ್ತೆ ಹೋಗಿ ‘ಏನಾಯಿತು?’ ಅಂತ ಕೇಳಿ. ಹೆಂಗಸರು ಹಿಂದೆ ನಿಲ್ಲಬೇಡಿ. ನೀರಿನ ಕೊಡ ಹೊರೋ ತಲೆಗೆ ನೀರಿನ ಕಷ್ಟ ಗೊತ್ತು.

ಚರಂಡಿಯೋ, ಸ್ಮಶಾನದ ದಾರಿಯೋ, ಮಕ್ಕಳ ಆಟದ ಬಯಲೋ, ನಿಮ್ಮ ಊರಿಗೆ ಯಾವುದು ಮೊದಲು ಅಂತ ನಿಮಗೇ ಗೊತ್ತು. ಈ ಸಂಜೆ ಕಟ್ಟೆಯ ಮೇಲೆ ಕೂತಾಗ ಮೊದಲ ಸಹಿ ಯಾರದು ಅಂತ ಮಾತಾಡಿ.