ಸೆಕೆಂಡ್ ಹ್ಯಾಂಡ್ ಗಾಡಿ ಕೆಟ್ಟರೆ ರಿಪೇರಿ ಖರ್ಚು ಯಾರದು?



ಸಂಘದ ಸಭೆಗಳಲ್ಲಿ ಹೊಲಿಗೆ ಯಂತ್ರ, ಗ್ರೈಂಡರ್ ಜೊತೆಗೆ ಈಗ ಗಾಡಿಗೂ ಸಾಲ ಕೇಳುತ್ತಿದ್ದಾರೆ. ಚಾಮರಾಜಪೇಟೆಯಲ್ಲಿ ಅಡುಗೆ ಕಂಟ್ರಾಕ್ಟ್ ಮಾಡುವವರಿಗೆ ಪಾತ್ರೆ ಸಾಗಿಸಲು ಗಾಡಿ ಬೇಕು. ಮಾರ್ಕೆಟ್ಟಿನಿಂದ ಗಾಂಧಿ ಬಜಾರಿಗೋ ಮಲ್ಲೇಶ್ವರಕ್ಕೋ ಹೂವು, ತರಕಾರಿ ತರುವವರಿಗೂ ಬೇಕು. ಹೊಸದು ಕೈಗೆಟುಕುವುದಿಲ್ಲ, ಸೆಕೆಂಡ್ ಹ್ಯಾಂಡ್ ನೋಡುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತಂದ ಮೂರನೇ ವಾರಕ್ಕೇ ಗಾಡಿ ಗ್ಯಾರೇಜು ಸೇರಿದರೆ ದುಡಿಮೆ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಒಬ್ಬರ ಕಂತು ತಪ್ಪಿದರೆ ಬ್ಯಾಂಕಿನವರು ಕೇಳುವುದು ಇಡೀ ಸಂಘವನ್ನು. ಹೀಗಾಗಿ ರಿಪೇರಿ ಯಾರ ಹೊಣೆ ಎಂಬುದನ್ನು ಅಡ್ವಾನ್ಸ್ ಕೊಡುವ ಮುಂಚೆಯೇ ಸಭೆಯಲ್ಲಿ ಕೇಳಬೇಕು.

ಮೊದಲು ನೋಡಬೇಕಾದ್ದು ಮಾರುತ್ತಿರುವವರು ಯಾರು ಎಂದು. ಪಕ್ಕದ ಬೀದಿಯವರು ತಮ್ಮ ಸ್ವಂತ ಗಾಡಿ ಮಾರಿದರೆ ಅವರು ವ್ಯಾಪಾರಿಯಲ್ಲ. ಆಮೇಲೆ ಎಂಜಿನ್ ಕೈಕೊಟ್ಟರೆ ಸಾಮಾನ್ಯವಾಗಿ ಗ್ರಾಹಕರ ಆಯೋಗದಲ್ಲಿ ಅವರ ಮೇಲೆ ದೂರು ನಿಲ್ಲುವುದಿಲ್ಲ. ಗೊತ್ತಿದ್ದೂ ಸುಳ್ಳು ಹೇಳಿ ಮಾರಿದರು ಎಂದು ಸಿವಿಲ್ ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಅದು ದೂರದ ಹಾದಿ. ಹಳೆ ಗಾಡಿ ಮಾರುವುದನ್ನೇ ಕಸುಬು ಮಾಡಿಕೊಂಡ ಅಂಗಡಿಯವರಾದರೆ ಗ್ರಾಹಕರ ಕಾಯ್ದೆ ಅವರಿಗೆ ಅನ್ವಯಿಸುತ್ತದೆ. 2023ರ ಏಪ್ರಿಲ್ 1ರಿಂದ ಇಂಥ ವ್ಯಾಪಾರಿಗಳು ಆರ್‌ಟಿಒ ಕಚೇರಿಯಿಂದ ಅಧಿಕಾರ ಪತ್ರ ಪಡೆಯಬೇಕೆಂಬ ಕೇಂದ್ರದ ನಿಯಮವೂ ಬಂದಿದೆ. ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಇನ್ನು ಬ್ರೋಕರ್. “ನಾನಿದ್ದೀನಲ್ಲ ಅಕ್ಕ, ಏನಾದ್ರೂ ಆದ್ರೆ ಫೋನ್ ಮಾಡಿ” ಅಂತಾನೆ. ಕಮಿಷನ್ ತೆಗೆದುಕೊಳ್ಳುತ್ತಾನೆ, ಯಾವ ಕಾಗದದಲ್ಲೂ ಅವನ ಹೆಸರಿರುವುದಿಲ್ಲ. ಅವನ ಮಾತನ್ನು ವಾರಂಟಿ ಅಂದುಕೊಳ್ಳಬೇಡಿ.

ವಾರಂಟಿ ಅಂದರೆ ಏನು? ಕಂಪನಿಯ ವಾರಂಟಿ ಹೊಸ ಗಾಡಿ ಮಾರಿದ ದಿನದಿಂದ ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರ್, ಯಾವುದು ಮೊದಲೋ ಅದು. ಅವಧಿ ಉಳಿದಿದ್ದರೆ ಸಾಮಾನ್ಯವಾಗಿ ಅದು ಗಾಡಿಯ ಜೊತೆಗೇ ಹೊಸ ಮಾಲೀಕರಿಗೆ ಬರುತ್ತದೆ, ಆದರೆ ಹೊತ್ತಿಗೆ ಸರಿಯಾಗಿ ಸರ್ವಿಸ್ ಆಗಿರಬೇಕು. ಆ ಕಂಪನಿಯ ಸರ್ವಿಸ್ ಸೆಂಟರಿಗೆ ಚಾಸಿ ನಂಬರ್ ಕೊಟ್ಟು ನೀವೇ ಕೇಳಿ. ನಮ್ಮವರು ಹೆಚ್ಚಾಗಿ ನೋಡುವ ಮಾರುತಿ ಓಮ್ನಿ ತಯಾರಾಗುವುದು 2019ರಲ್ಲೇ ನಿಂತಿತು. ಈಗ ಯಾರಾದರೂ “ಓಮ್ನಿಗೆ ಕಂಪನಿ ವಾರಂಟಿ ಇದೆ” ಅಂದರೆ ನಗಬಹುದು.

ಅಂಗಡಿಯವರು ತಾವೇ ಕೊಡುವ ವಾರಂಟಿ ಬೇರೆ. ಬಹಳ ಸಲ ಅದು ಎಂಜಿನ್ ಮತ್ತು ಗೇರ್ ಬಾಕ್ಸಿಗೆ ಮಾತ್ರ. ಕ್ಲಚ್, ಬ್ರೇಕ್, ಟೈರು ಸವೆಯುವ ವಸ್ತುಗಳು, ಅವಕ್ಕೆ ಇಲ್ಲ ಅಂತಾರೆ. ಬ್ಯಾಟರಿ ಹೊಸದು ಅಂದರೆ ಬ್ಯಾಟರಿ ಕಂಪನಿಯ ಕಾರ್ಡೂ ಬಿಲ್ಲೂ ಕೇಳಿ. ಎಷ್ಟು ತಿಂಗಳು, ಎಷ್ಟು ಕಿಲೋಮೀಟರ್, ಸಾಮಾನಿನ ದುಡ್ಡು ಮಾತ್ರವೋ ಕೂಲಿಯೂ ಸೇರಿಯೋ, ಯಾವ ಗ್ಯಾರೇಜಿನಲ್ಲಿ ಮಾಡಿಸಬೇಕು, ದಾರಿಯಲ್ಲಿ ನಿಂತರೆ ಎಳೆದು ತರುವ ಖರ್ಚು ಯಾರದು — ಇಷ್ಟೂ ಕಾಗದದಲ್ಲಿ ಬರಲಿ. ಅಂಗಡಿಯ ಮೊಹರು, ಸಹಿ, ತಾರೀಖು ಇರಲಿ. “ಇದ್ದ ಸ್ಥಿತಿಯಲ್ಲೇ ಮಾರಲಾಗಿದೆ” ಎಂಬ ಸಾಲು ಎಲ್ಲಾದರೂ ಸಣ್ಣ ಅಕ್ಷರದಲ್ಲಿ ಇದೆಯೇ ನೋಡಿ. ಆ ಸಾಲಿನ ಕೆಳಗೆ ಸಹಿ ಹಾಕಿದರೆ ಮುಂದೆ ಅದನ್ನೇ ನಿಮ್ಮ ಮುಂದೆ ಹಿಡಿಯುತ್ತಾರೆ.

ಸರಕು ಮಾರಾಟ ಕಾಯ್ದೆ 1930ರದು, ಇವತ್ತಿಗೂ ಜಾರಿಯಲ್ಲಿದೆ. ಕೊಳ್ಳುವವರು ಪರೀಕ್ಷೆ ಮಾಡಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ಆಮೇಲೆ ವ್ಯಾಪಾರಿಯನ್ನು ಹಿಡಿಯುವಂತಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಅಂದರೆ ಸವೆದ ಟೈರು ಕಣ್ಣಿಗೆ ಕಾಣುವಂಥದ್ದು, ಅದು ನಮ್ಮ ತಲೆಗೆ. ಒಳಗೆ ಅಡಗಿಸಿದ ದೋಷ, ಹಿಂದಕ್ಕೆ ತಿರುಗಿಸಿದ ಮೀಟರ್ ಬೇರೆ ಮಾತು. ಅದಕ್ಕೇ ನಿಮ್ಮ ಪರಿಚಯದ ಮೆಕ್ಯಾನಿಕ್‌ನನ್ನು ಕರೆದೊಯ್ಯಿರಿ, ಮಾರುವವರು ತೋರಿಸಿದವನನ್ನಲ್ಲ. ಅವನ ಕೂಲಿ ಉಳಿಸಲು ಹೋಗಬೇಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದು ಅರ್ಥ. ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಸಾಲದು, ಎಲ್ಲಾದರೂ ಏರಿನಲ್ಲಿ ಓಡಿಸಿ ನೋಡಿ. ಎಂಜಿನ್ ಕೂಗಿದರೂ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಮೆಕ್ಯಾನಿಕ್ ಹೇಳಿದ ಕೆಲಸಗಳನ್ನೆಲ್ಲ ಬರೆದುಕೊಂಡು ಜೆ.ಸಿ. ರಸ್ತೆಯಲ್ಲಿ ಸಾಮಾನಿನ ರೇಟು ವಿಚಾರಿಸಿ. ಚಾಮರಾಜಪೇಟೆಯಿಂದ ಎಷ್ಟು ದೂರ? ಎರಡು ಮೂರು ಅಂಗಡಿ ಕೇಳಿದರೆ ಕಂಪನಿ ಮಾಲಿಗೂ ಲೋಕಲ್ ಮಾಲಿಗೂ ಎಷ್ಟು ವ್ಯತ್ಯಾಸ ಎಂದು ತಿಳಿಯುತ್ತದೆ. ಆ ಪಟ್ಟಿ ಹಿಡಿದು ಮಾತಿಗೆ ಕೂತರೆ ಬೆಲೆ ಇಳಿಸಲು ಕಾರಣ ಸಿಗುತ್ತದೆ, ಇಲ್ಲವೇ “ಇಷ್ಟು ಕೆಲಸ ನೀವೇ ಮಾಡಿಸಿ ಕೊಡಿ” ಎಂದು ಬರೆಸಿಕೊಳ್ಳಬಹುದು. ಸಾಲ ಕೇಳುವಾಗಲೂ ಗಾಡಿಯ ಬೆಲೆ ಮಾತ್ರ ಹೇಳಬೇಡಿ. ಉದಾಹರಣೆಗೆ ಗಾಡಿ 1,20,000 ರೂ., ಪಟ್ಟಿಯ ಕೆಲಸ 15,000 ರೂ. ಆದರೆ ನಿಮಗೆ ಬೇಕಾದ್ದು 1,35,000 ರೂ. ಅದರ ಮೇಲೆ ವಿಮೆ, ಹೆಸರು ಬದಲಾವಣೆ ಖರ್ಚು. ಇದನ್ನೆಲ್ಲ ನಿರ್ಣಯ ಪುಸ್ತಕದಲ್ಲೇ ಬರೆಯಿರಿ. ರಿಪೇರಿಗೆಂದು ಕೈಯಲ್ಲಿ ಏನೂ ಇಲ್ಲದವರಿಗೆ ಸಂಘ ಸ್ವಲ್ಪ ಕಾಯಲು ಹೇಳಿದರೆ ಅದು ಕೋಪಕ್ಕಲ್ಲ.

ಹೆಸರು ಬದಲಾವಣೆ ಬ್ರೋಕರ್ ಕೈಗೆ ಬಿಟ್ಟು ಕೂರಬೇಡಿ. ಫಾರಂ 29 ಮತ್ತು 30 ತುಂಬಿ ಆರ್‌ಟಿಒಗೆ ಕೊಡಬೇಕು. ಆರ್‌ಸಿಯಲ್ಲಿ ಬ್ಯಾಂಕ್ ಸಾಲ ನಮೂದಾಗಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಬೇಕು. ವಿಮೆಯೂ 14 ದಿನದೊಳಗೆ ನಿಮ್ಮ ಹೆಸರಿಗೆ ಆಗಲಿ. ಇಲ್ಲವಾದರೆ ಅಪಘಾತದಲ್ಲಿ ನಿಮ್ಮ ಗಾಡಿಯ ರಿಪೇರಿಗೆ ವಿಮಾ ಕಂಪನಿ ಹಣ ಕೊಡಲು ತಕರಾರು ಮಾಡುತ್ತದೆ.

ಇಷ್ಟಾಗಿಯೂ ವ್ಯಾಪಾರಿ ಕೊಟ್ಟ ಮಾತಿಗೆ ತಪ್ಪಿದರೆ? ಮೊದಲು ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಗ್ರಾಹಕರ ಸಹಾಯವಾಣಿ 1915ಕ್ಕೂ ಹೇಳಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. “ದುಡಿಮೆಗೆ ತೊಗೊಂಡ ಗಾಡಿ, ನೀವು ಗ್ರಾಹಕರೇ ಅಲ್ಲ” ಎಂದು ಎದುರು ಪಕ್ಷದವರು ಹೆದರಿಸಬಹುದು. ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡವರೂ ಗ್ರಾಹಕರೇ ಎಂದು 2019ರ ಕಾಯ್ದೆ ಬಿಡಿಸಿ ಹೇಳಿದೆ. ಗಾಡಿಯನ್ನು ಬೇರೆ ಊರಿನಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು. ಬಿಲ್ಲು, ವಾರಂಟಿ ಕಾಗದ, ಗ್ಯಾರೇಜಿನ ರಸೀದಿ, ಬಿಚ್ಚಿ ತೆಗೆದ ಹಳೆ ಸಾಮಾನು ಯಾವುದನ್ನೂ ಎಸೆಯಬೇಡಿ. ಹಳೆ ಸಾಮಾನನ್ನು ಗ್ಯಾರೇಜಿನವರೇ ಇಟ್ಟುಕೊಳ್ಳುವುದು ವಾಡಿಕೆ. ರಿಪೇರಿಗೆ ಬಿಡುವಾಗಲೇ ವಾಪಸ್ ಬೇಕು ಎಂದು ಹೇಳಿಡಿ.