ಗೂಗಲ್‌ನಲ್ಲಿ ಸಿಕ್ಕಿದ ಫೋಟೋ ಯಾರದು?

‘ಗೂಗಲ್‌ನಲ್ಲಿ ಸಿಕ್ಕಿತು ಮಾರಾಯ್ರೆ, ಅದಕ್ಕೆ ಹಾಕಿದ್ದು.’ ಮುಂಬಯಿಯಲ್ಲಿ ಕ್ಯಾಮೆರಾ ನಂಬಿ ಬದುಕುವ ನಮ್ಮಂಥವರು ಈ ಮಾತು ಕೇಳದ ವರ್ಷವಿಲ್ಲ. ಸಂಘದ ಸ್ಮರಣ ಸಂಚಿಕೆ ತರುವವರು, ಯಕ್ಷಗಾನದ ಫ್ಲೆಕ್ಸ್ ಮಾಡಿಸುವವರು, ಫ್ಲ್ಯಾಟ್ ಮಾರುವವರು ಎಲ್ಲರದೂ ಇದೇ ಉತ್ತರ. ಹೆಚ್ಚಿನವರು ಕೆಟ್ಟವರಲ್ಲ. ದಾರಿಯಲ್ಲಿ ಉದುರಿದ ಹೂವಿನ ಹಾಗೆ, ಹೆಕ್ಕಿದವರದ್ದೇ ಎಂದುಕೊಂಡಿದ್ದಾರೆ. ಕಾನೂನು ಮಾತ್ರ ಹಾಗೆ ಹೇಳುವುದಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದವರು. ಚಿತ್ರ ಚೆನ್ನಾಗಿರಬೇಕೆಂದೇನೂ ಇಲ್ಲ, ಮೊಬೈಲಿನಲ್ಲಿ ತೆಗೆದದ್ದಕ್ಕೂ ಅದೇ ನಿಯಮ. 2012ರ ತಿದ್ದುಪಡಿಯ ನಂತರ ಈ ಹಕ್ಕು ತೆಗೆದವರ ಜೀವಮಾನವಿಡೀ, ಅವರು ತೀರಿದ ಮೇಲೆ ಇನ್ನೂ 60 ವರ್ಷ ಇರುತ್ತದೆ. ‘ರಿಜಿಸ್ಟರ್ ಮಾಡಿಸಿದ್ದೀರಾ?’ ಎಂದು ದಬಾಯಿಸುವವರಿದ್ದಾರೆ. ಅವರಿಗೆ ಉತ್ತರ ನಮ್ಮ ಬಾಂಬೆ ಹೈಕೋರ್ಟೇ ಕೊಟ್ಟಿದೆ. 2021ರಲ್ಲಿ ಸಂಜಯ್ ಸೋಯಾ ಕಂಪನಿಯ ಪ್ರಕರಣದಲ್ಲಿ ನ್ಯಾಯಮೂರ್ತಿ ಗೌತಮ್ ಪಟೇಲ್ ಅವರು, ಕೃತಿಸ್ವಾಮ್ಯದ ದಾವೆ ಹೂಡಲು ನೋಂದಣಿ ಕಡ್ಡಾಯವಲ್ಲ ಎಂದರು. ಅಲ್ಲಿನ ವಿವಾದ ಎಣ್ಣೆ ಪ್ಯಾಕೆಟ್ಟಿನ ಲೇಬಲ್ಲಿನದು. ಆದರೆ ಆ ಮಾತು ಫೋಟೋಕ್ಕೂ ಅನ್ವಯಿಸುತ್ತದೆ.

ಹಾಗಾದರೆ ‘ತೆಗೆದದ್ದು ನಾನೇ’ ಎಂದು ತೋರಿಸುವುದು ಹೇಗೆ? ಚಳಿಗಾಲದಿಂದ ಮೇ ತಿಂಗಳವರೆಗೆ ಠಾಣೆ ಖಾರಿಯಲ್ಲಿ ಫ್ಲೆಮಿಂಗೋಗಳಿರುತ್ತವೆ. ಐರೋಲಿಯಿಂದ ದೋಣಿಯಲ್ಲಿ ಹೋಗಿ ತೆಗೆದ ನನ್ನದೊಂದು ಚಿತ್ರ ನವಿ ಮುಂಬಯಿಯ ಒಂದು ವಸತಿ ಯೋಜನೆಯ ಜಾಹೀರಾತಿನಲ್ಲಿ ಕಂಡಿತು. ಮೂಲೆಯಲ್ಲಿದ್ದ ನನ್ನ ಹೆಸರು ಕತ್ತರಿಸಿ ಹೋಗಿತ್ತು. ನಾನು ಜಗಳಕ್ಕೆ ಹೋಗಲಿಲ್ಲ. ಅವರ ಚಿತ್ರದಲ್ಲಿ ಹಕ್ಕಿಗಳಷ್ಟೇ ಇದ್ದವು. ನನ್ನ ಮೂಲ ರಾ ಫೈಲಿನಲ್ಲಿ ಎಡಕ್ಕೆ ಐರೋಲಿ ಸೇತುವೆಯ ಕಂಬ, ಕೆಳಗೆ ದೋಣಿಯ ಅಂಚೂ ಇದ್ದವು. ಅದರ ಹಿಂದಿನ, ಮುಂದಿನ ಫ್ರೇಮುಗಳೂ ನನ್ನಲ್ಲಿದ್ದವು. ಎಲ್ಲವನ್ನೂ ಒಟ್ಟಿಗಿಟ್ಟು ಬಿಲ್ಲಿನ ಸಮೇತ ಪತ್ರ ಕಳಿಸಿದೆ. ಜಾಹೀರಾತು ಇಳಿಯಿತು, ಹಣವೂ ಬಂತು. ಕದ್ದವರ ಬಳಿ ಚಿತ್ರದ ಒಂದು ತುಂಡು ಇರುತ್ತದೆ, ತೆಗೆದವರ ಬಳಿ ಆ ಇಡೀ ಬೆಳಗ್ಗೆಯೇ ಇರುತ್ತದೆ. ಅದಕ್ಕೇ ಹುಡುಗರಿಗೆ ಹೇಳುತ್ತೇನೆ: ಕಾರ್ಡ್ ಫಾರ್ಮ್ಯಾಟ್ ಮಾಡುವ ಮೊದಲು ಮೂಲ ಫೈಲುಗಳನ್ನು ಎರಡು ಕಡೆ ಇಡಿ. ಕೆಟ್ಟ ಫ್ರೇಮುಗಳನ್ನೂ ಅಳಿಸಬೇಡಿ.

ಜಾಲದಲ್ಲಿ ಹಾಕುವಾಗ ಸಣ್ಣ ಪ್ರತಿಯನ್ನೇ ಹಾಕುವುದು ಒಳ್ಳೆಯದು. ಮೊಬೈಲಿನಲ್ಲಿ ಚೆಂದ ಕಂಡರೆ ಸಾಕು, ಅದನ್ನು ದೊಡ್ಡ ಫ್ಲೆಕ್ಸಿಗೆ ಹಿಗ್ಗಿಸಿದರೆ ಒಡೆಯಬೇಕು. ಹೆಸರನ್ನು ಮೂಲೆಗಿಂತ ಚಿತ್ರದ ಮುಖ್ಯ ಭಾಗಕ್ಕೆ ತಾಗಿಸಿ ಹಾಕಿ. ಪ್ರಕಟವಾದ ಪ್ರತಿಯ ಮೇಲೆ ಹೆಸರಿದ್ದರೆ, ಬೇರೆಯವರು ಅಲ್ಲವೆಂದು ತೋರಿಸುವವರೆಗೆ ಕಾನೂನು ಆ ಹೆಸರಿನವರನ್ನೇ ಕರ್ತೃ ಎಂದು ಭಾವಿಸುತ್ತದೆ. ಫೈಲಿನೊಳಗೆ ಬರೆದ ವಿವರ ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದಾಗ ಉಳಿಯುವುದಿಲ್ಲ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಉಳಿಯುತ್ತದೆ. ಹಕ್ಕುದಾರರ ವಿವರವನ್ನು ಗೊತ್ತಿದ್ದೂ ಅಳಿಸುವುದು 65ಬಿ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲಾಗಬಹುದಾದ ಅಪರಾಧ.

ಮದುವೆ ಫೋಟೋಗಳ ಲೆಕ್ಕ ಬೇರೆ, ಇದು ನಮ್ಮ ಕಸುಬಿನವರಿಗೇ ಹೆಚ್ಚು ಗೊತ್ತಿಲ್ಲ. ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದ್ದು. ಕುರ್ಲಾದ ಬಂಟರ ಭವನದಲ್ಲಿ ತೆಗೆದ ಮದುಮಗಳ ಚಿತ್ರವನ್ನು ಸ್ಟುಡಿಯೋ ಜಾಹೀರಾತಿಗೆ ಹಾಕಬೇಕಾದರೆ ಮುಂಗಡ ಪಡೆಯುವಾಗಲೇ ಆ ಮನೆಯವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ನಮ್ಮ ಹಕ್ಕು ಕೇಳುವ ನಾವು ಅವರ ಹಕ್ಕನ್ನೂ ಉಳಿಸಬೇಡವೇ? ಜಾಲದಲ್ಲಿ ಜನರ ಕಥೆ, ಚಿತ್ರ ಹಾಕುವ ‘ಹ್ಯೂಮನ್ಸ್ ಆಫ್ ಬಾಂಬೆ’ಯವರು ಅಂಥದ್ದೇ ಇನ್ನೊಂದು ಸಂಸ್ಥೆ ‘ಪೀಪಲ್ ಆಫ್ ಇಂಡಿಯಾ’ ಮೇಲೆ ಹೂಡಿದ ದಾವೆಯಲ್ಲೂ ಇಂಥದ್ದೇ ಪ್ರಶ್ನೆ ಬಂದಿತ್ತು. 2023ರ ಅಕ್ಟೋಬರಿನಲ್ಲಿ ದೆಹಲಿ ಹೈಕೋರ್ಟು, ಜನರ ಕಥೆ ಹೇಳುವ ಕಲ್ಪನೆ ಯಾರ ಸ್ವತ್ತೂ ಅಲ್ಲ, ಆದರೆ ಒಬ್ಬರು ತೆಗೆಸಿದ ಚಿತ್ರವನ್ನು ಇನ್ನೊಬ್ಬರು ಬಳಸಬಾರದು ಎಂದಿತು. ಕಥೆ ಹೇಳಿದವರೇ ಕೊಟ್ಟ ತಮ್ಮ ಮನೆಯ ಫೋಟೋಗಳ ಮೇಲೆ ಎರಡೂ ಸಂಸ್ಥೆಗಳಿಗೆ ಹಕ್ಕಿಲ್ಲ ಎಂದೂ ಹೇಳಿತು.

ಕದ್ದದ್ದನ್ನು ಹುಡುಕಲು ಗೂಗಲ್ ಲೆನ್ಸ್, ಟಿನ್‌ಐ ಇವೆ. ಸಿಕ್ಕಿದ ಕೂಡಲೇ ಬೈಯುವ ಕಾಮೆಂಟ್ ಹಾಕಬೇಡಿ, ಅವರು ಅಳಿಸಿಬಿಡುತ್ತಾರೆ. ಮೊದಲು ಪುಟದ ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಆ ಚಿತ್ರವಿರುವ ಜಾಲತಾಣದವರಿಗೆ ಲಿಖಿತ ದೂರು ಕೊಡಿ. 2013ರ ನಿಯಮದಂತೆ, ಸರಿಯಾದ ದೂರು ಬಂದರೆ 36 ಗಂಟೆಯೊಳಗೆ ಅವರು ಆ ಚಿತ್ರವನ್ನು ತಡೆಹಿಡಿಯಬೇಕು. ಈ ತಡೆ 21 ದಿನ. ಅಷ್ಟರಲ್ಲಿ ನ್ಯಾಯಾಲಯದ ಆದೇಶ ತರದಿದ್ದರೆ ಚಿತ್ರ ಮತ್ತೆ ಏರಬಹುದು. ಹಾಗಾಗಿ ದೂರು ಕಳಿಸುವ ದಿನವೇ ವಕೀಲರಿಗೂ ಫೋನ್ ಮಾಡಿ. ದಾವೆಗೆ ಕದ್ದವರ ಊರಿಗೇ ಅಲೆಯಬೇಕಾಗಿಲ್ಲ. ಹಕ್ಕುದಾರರು ಡೊಂಬಿವಲಿಯಲ್ಲಿ ವಾಸವಿದ್ದು ಅಲ್ಲೇ ಕಸುಬು ಮಾಡುತ್ತಿದ್ದರೆ, 62ನೇ ಕಲಂ ಪ್ರಕಾರ ತಮ್ಮ ಜಿಲ್ಲೆಯ ನ್ಯಾಯಾಲಯದಲ್ಲೇ ಹೂಡಬಹುದು.